ಸೊಂಟದ ಮೇಲೆ ನೀರಿನ ಲೋಟ

ತುಮಕೂರಿನಲ್ಲಿ 16 ವರ್ಷದಿಂದ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಬೇರೆಯವರ ಸೊಂಟ ನೋಡುವುದೇ ಕೆಲಸ. ನನ್ನ ಸೊಂಟ ಕೈಕೊಟ್ಟಿದ್ದು ಅರ್ಧ ಬಕೆಟ್ ನೀರಿಗೆ. ಬಚ್ಚಲಲ್ಲಿ ಬಗ್ಗಿ ಎತ್ತಿದೆ, ಚಳಕ್ ಅಂತು, ಗೋಡೆ ಹಿಡಿದುಕೊಂಡೇ ಹೊರಗೆ ಬಂದೆ.

ಅತ್ತೆ ಪಕ್ಕದ ಬೀದಿಯ ಹುಡುಗನನ್ನು ಕರೆಸಿದರು. ಅವನು ಕಾಲು ಮುಂದಾಗಿ ಹುಟ್ಟಿದವನು, ಅಂಥವರು ಒದ್ದರೆ ಉಳುಕು ಹೋಗುತ್ತದಂತೆ. ಪಾಪ, ನಾಚಿಕೊಂಡೇ ಮೂರು ಸಲ ಕಾಲು ತಾಗಿಸಿ ಓಡಿಹೋದ. ನನಗೆ ನಗು ಬಂತು, ನಕ್ಕರೆ ಇನ್ನೂ ನೋವು.

ಎರಡು ವಾರಕ್ಕೆ ಕಡಿಮೆಯಾಯಿತು. ಆಮೇಲೆ ತಿಂಗಳಿಗೊಮ್ಮೆ ಬಂತು, ಆಮೇಲೆ ಹೋಗಲೇ ಇಲ್ಲ. ಎಂಆರ್‌ಐ ಮಾಡಿಸಿದರೆ ಎಲ್4-ಎಲ್5 ಡಿಸ್ಕ್, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಬೆನ್ನೆಲುಬುಗಳ ನಡುವಿನ ಮೆತ್ತೆ, ಉಬ್ಬಿದೆ ಅಂತ ಬಂತು. ರಿಪೋರ್ಟ್ ನೋಡಿದ ಡಾಕ್ಟರು, "ಇನ್ನು ಬಗ್ಗಲೇಬೇಡಿ" ಅಂದುಬಿಟ್ಟರು. ನೋವೇ ಇಲ್ಲದ 20ರ ಹರೆಯದವರಲ್ಲೂ ನೂರಕ್ಕೆ ಸುಮಾರು 30 ಜನರ ಡಿಸ್ಕ್ ಹೀಗೆ ಉಬ್ಬಿರುತ್ತದೆ, 80 ದಾಟಿದವರಲ್ಲಿ 84 ಜನರಿಗೆ. ಇದನ್ನು ನಾನೇ ಎಷ್ಟೋ ಜನಕ್ಕೆ ಹೇಳಿ ಧೈರ್ಯ ತುಂಬಿದ್ದೇನೆ. ನನ್ನದೇ ಹೆಸರಿನ ರಿಪೋರ್ಟ್ ಕೈಯಲ್ಲಿದ್ದಾಗ ಅದ್ಯಾವುದೂ ನೆನಪಾಗಲಿಲ್ಲ. ಏಳು ತಿಂಗಳು ಬೆಲ್ಟ್ ಕಟ್ಟಿಕೊಂಡು ಓಡಾಡಿದೆ. ನೆಲದ ಮೇಲೆ ಕೂರುವುದು ಬಿಟ್ಟೆ. ಕಸ ಗುಡಿಸುವುದು ಬಿಟ್ಟೆ.

ಕೊನೆಗೆ ಬೆಂಗಳೂರಿನ ಒಬ್ಬ ಕೈರೋಪ್ರಾಕ್ಟರ್ ಹತ್ತಿರ ಹೋದೆ, ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರು. ನಮ್ಮ ಫಿಸಿಯೋಥೆರಪಿಯವರಿಗೂ ಅವರಿಗೂ ಅಷ್ಟಕ್ಕಷ್ಟೆ, ಅದನ್ನು ಮುಚ್ಚಿಡುವುದೇನಿದೆ. ಈ ವಿದ್ಯೆ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಐಯೋವಾ ರಾಜ್ಯದ ಡೇವನ್‌ಪೋರ್ಟ್ ಊರಲ್ಲಿ. ಡಿ.ಡಿ. ಪಾಮರ್ ಅನ್ನುವವರು ಒಬ್ಬ ಜಾಡಮಾಲಿಯ ಬೆನ್ನುಮೂಳೆ ಒತ್ತಿ ಅವನ ಕಿವುಡು ಬಿಡಿಸಿದರು ಅನ್ನುವುದು ಅವರ ಮೂಲಕಥೆ. ಬೆನ್ನು ಒತ್ತಿದರೆ ಕಿವಿ ಕೇಳಿಸುತ್ತದೆ ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ. ಆದರೆ ಸೊಂಟನೋವಿನ ಮಾತೇ ಬೇರೆ.

ಅವರು ನೇರವಾಗಿ ಬೆನ್ನಿಗೆ ಕೈ ಹಾಕಲಿಲ್ಲ, ಅದು ನನಗೆ ಹಿಡಿಸಿತು. ಮೂತ್ರ ಹಿಡಿದುಕೊಳ್ಳಲು ಕಷ್ಟವಾಗುತ್ತಿದೆಯಾ, ತೊಡೆಸಂದಿನಲ್ಲಿ ಜೋಮು ಇದೆಯಾ, ಪಾದದಲ್ಲಿ ಶಕ್ತಿ ಕಡಿಮೆಯಾಗಿದೆಯಾ, ಮೂಳೆ ಸವೆತ ಇದೆಯಾ, ಎಲ್ಲ ಕೇಳಿದರು. ಇದರಲ್ಲಿ ಮೊದಲ ಎರಡರಲ್ಲಿ ಒಂದಿದ್ದರೂ ಯಾರ ಟೇಬಲ್ಲಿನ ಮೇಲೂ ಮಲಗಬೇಡಿ, ಸೀದಾ ದೊಡ್ಡಾಸ್ಪತ್ರೆಗೆ ಹೋಗಿ. ಆಮೇಲೆ ನನ್ನನ್ನು ಪಕ್ಕಕ್ಕೆ ಮಲಗಿಸಿ, ಮೇಲಿನ ಮಂಡಿ ಮಡಿಸಿ, "ಉಸಿರು ಬಿಡಿ ಮೇಡಂ" ಅಂದರು. ಬಿಡುವಷ್ಟರಲ್ಲಿ ಲಟಲಟ ಅಂತು.

ಆ ಸದ್ದು ಕೇಳಿ ಮೂಳೆ ಜಾಗಕ್ಕೆ ಕೂತಿತು ಅಂದುಕೊಳ್ಳುವವರು ಜಾಸ್ತಿ. ಹಾಗೇನಿಲ್ಲ. ಬೆರಳಿನ ನೆಟಿಗೆ ಮುರಿದಾಗಲೂ ಅದೇ ಸದ್ದು, ಕೀಲಿನ ದ್ರವದಲ್ಲಿ ಗಾಳಿಯ ಗುಳ್ಳೆ ಆಡುವುದರಿಂದ ಬರುವಂಥದ್ದು. ಆದರೂ ಟೇಬಲ್ಲಿನಿಂದ ಇಳಿದಾಗ ಮೈ ಹಗುರ. ತಿಂಗಳುಗಳ ನಂತರ ಆವತ್ತು ರಾತ್ರಿ ಮಗ್ಗುಲು ಬದಲಿಸಲು ಏಳಬೇಕಾಗಲಿಲ್ಲ. ಮೂರನೇ ದಿನ ಸಂಜೆಗೆ ಯಥಾಪ್ರಕಾರ. ಎರಡನೇ ಸಲವೂ ಅಷ್ಟೇ, ಮೂರು ದಿನ.

ಮೂರನೇ ಸಲ ಅವರು ನನ್ನ ಹೆಬ್ಬೆರಳುಗಳನ್ನೇ ನನ್ನ ಸೊಂಟದ ಕೆಳಗೆ, ಬೆನ್ನುಮೂಳೆಯ ಎರಡೂ ಬದಿಗೆ ಇಡಿಸಿದರು. ಸ್ವಲ್ಪ ಮುಂದಕ್ಕೆ ಬಾಗಿದರೆ ಅಲ್ಲಿನ ಸ್ನಾಯು ಗಟ್ಟಿಯಾಗಬೇಕು. ಎಡಗಡೆ ಹದವಾಗಿ ನಾದಿದ ಚಪಾತಿ ಹಿಟ್ಟು. ಬಲಗಡೆ ನೀರು ಜಾಸ್ತಿಯಾದ ಹಿಟ್ಟು, ಹೆಬ್ಬೆರಳು ಒಳಗೇ ಹೋಯಿತು. ನನ್ನ ಪೇಶೆಂಟ್‌ಗಳಲ್ಲಿ ದಿನಾ ಮುಟ್ಟಿ ನೋಡುವ ವಿಷಯ, ನನ್ನಲ್ಲಿ ಒಮ್ಮೆಯೂ ನೋಡಿಕೊಂಡಿರಲಿಲ್ಲ.

ಈ ಸ್ನಾಯುವಿನ ಹೆಸರು ಮಲ್ಟಿಫಿಡಸ್. ಒಂದೊಂದು ಬೆನ್ನೆಲುಬನ್ನೂ ಹಿಡಿದು ನಿಲ್ಲಿಸುವ ಒಳಗಿನ ಸ್ನಾಯು. ನೋವು ಬಂದಾಗ ಸೊರಗುತ್ತದೆ, ನೋವು ಹೋದ ಮಾತ್ರಕ್ಕೆ ತಾನಾಗಿ ತುಂಬಿಕೊಳ್ಳುವುದಿಲ್ಲ. ಆಸ್ಟ್ರೇಲಿಯಾದ ಸಂಶೋಧಕಿ ಜೂಲಿ ಹೈಡ್ಸ್ ಮತ್ತು ಜೊತೆಗಾರರು ಇದನ್ನು 1996ರಲ್ಲೇ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಕೈರೋಪ್ರಾಕ್ಟರ್ ಕೊಟ್ಟಿದ್ದು ಮೂರು ದಿನದ ಬಿಡುವು. ಆ ಮೂರು ದಿನ ನಾನು ಸುಮ್ನೆ ಮಲಗಿ ಕಳೆಯುತ್ತಿದ್ದೆ.

ಬೆಳಿಗ್ಗೆ ಕುಕ್ಕರ್ ಇಟ್ಟು ಪಕ್ಕದಲ್ಲೇ ಚಾಪೆ ಹಾಸಿದೆ. ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮ್ಯಾಕ್‌ಗಿಲ್ ಅವರ ಮೂರು ವ್ಯಾಯಾಮ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. ನನಗೆ ಕಷ್ಟವಾಗಿದ್ದು ಬರ್ಡ್ ಡಾಗ್. ಅಂಬೆಗಾಲಿನಲ್ಲಿ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ 10 ಸೆಕೆಂಡ್ ಹಿಡಿಯಬೇಕು, ಆಮೇಲೆ ಕೈಕಾಲು ಬದಲಿಸಬೇಕು. ಸೊಂಟ ವಾಲುತ್ತಿದೆಯಾ ಅಂತ ನಮಗೇ ಕಾಣುವುದಿಲ್ಲ ನೋಡಿ, ಅದಕ್ಕೆ ಮಗನ ಕೈಲಿ ಸೊಂಟದ ಮೇಲೆ ಸ್ಟೀಲ್ ಲೋಟದಲ್ಲಿ ನೀರು ಇಡಿಸಿದೆ. ಮೊದಲ ದಿನ ಬಲಗಾಲು ಎತ್ತಿದ ತಕ್ಷಣ ಪೂರ್ತಿ ಲೋಟ ಚಾಪೆ ಮೇಲೆ. ಅವನಿಗೆ ಅದೊಂದು ಆಟವಾಯಿತು. ಒಂದೊಂದು ಬದಿಗೂ ಮೊದಲು 6 ಸಲ, ಸ್ವಲ್ಪ ಸುಧಾರಿಸಿಕೊಂಡು 4, ಮತ್ತೆ 2. ಪಕ್ಕಕ್ಕೆ ಮಲಗಿ ಮೊಣಕೈ ಮೇಲೆ ಏಳುವ ಸೈಡ್ ಪ್ಲ್ಯಾಂಕನ್ನು ಮಂಡಿ ಊರಿಯೇ ಮಾಡಿದೆ. ಕರ್ಲ್-ಅಪ್‌ನಲ್ಲಿ ತಲೆ, ಹೆಗಲು ನೆಲದಿಂದ ಸ್ವಲ್ಪವೇ ಮೇಲೇಳಬೇಕು, ಜಿಮ್ಮಿನ ಸಿಟ್-ಅಪ್ ಅಲ್ಲ.

ಮೊದಲ ಎರಡು ವಾರ ಏನೂ ಅನ್ನಿಸಲಿಲ್ಲ. ಐದನೇ ವಾರದ ಹೊತ್ತಿಗೆ ನೀರು ಚೆಲ್ಲುವುದು ಕಡಿಮೆಯಾಯಿತು. ಬೆಲ್ಟನ್ನು ಮೊದಲು ಮನೆಯಲ್ಲಿ ಬಿಟ್ಟೆ, ಆಮೇಲೆ ಕ್ಲಿನಿಕ್‌ನಲ್ಲೂ ಬಿಟ್ಟೆ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2023ರ ಡಿಸೆಂಬರ್‌ನಲ್ಲಿ, ದೀರ್ಘಕಾಲದ ಸೊಂಟನೋವಿಗೆ ಬೆಲ್ಟು, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ಬೇಡ ಅಂದಿದೆ. ವ್ಯಾಯಾಮ, ಬೆನ್ನುಮೂಳೆಯ ಕೈಚಿಕಿತ್ಸೆ ಎರಡೂ ಅದರ ಒಪ್ಪಿದ ಪಟ್ಟಿಯಲ್ಲಿವೆ.

ಒಟ್ಟು ಆರು ಸಲ ಹೋದೆ, ಸಲಕ್ಕೆ 1,200 ರೂಪಾಯಿ. ಒಮ್ಮೆ ಅವರು "ಕುತ್ತಿಗೆನೂ ಬಿಡಿಸಲಾ?" ಅಂದರು. ಬೇಡ ಅಂದೆ. ಕುತ್ತಿಗೆ ತಿರುಚಿದಾಗ ಅಪರೂಪಕ್ಕಾದರೂ ಮೆದುಳಿಗೆ ಹೋಗುವ ರಕ್ತನಾಳ ಹರಿದ ಪ್ರಸಂಗಗಳಿವೆ. ಇಲ್ಲದ ನೋವಿಗೆ ಆ ಅಪಾಯ ಯಾಕೆ? ಅವರೂ ಒತ್ತಾಯ ಮಾಡಲಿಲ್ಲ.

ಈಗಲೂ ಬಸ್ಸಲ್ಲಿ ಜಾಸ್ತಿ ಹೊತ್ತು ಕೂತರೆ ಬಲಗಡೆ ಸಣ್ಣಗೆ ಹಿಡಿಯುತ್ತದೆ. ಮರುದಿನ ಚಾಪೆ ಹಾಸಿದಾಗ ಮಗ ಲೋಟ ತುಂಬಿಸಿಕೊಂಡು ಬಂದು ನಿಂತಿರುತ್ತಾನೆ. ಈಚೆಗೆ ನೀರಿನ ಬದಲು ಮಜ್ಜಿಗೆ ಇಡುತ್ತೇನೆ ಅಂತ ಹೆದರಿಸುತ್ತಿದ್ದಾನೆ.