ದೊಡ್ಡ ಬೇಸ್ ಬಾಕ್ಸಿಗೆ ಗ್ರಿಲ್ ಹಾಕುವುದು ಹೇಗೆ? ಅಳತೆ ಮೊದಲು, ಡ್ರಿಲ್ ಆಮೇಲೆ

ಗಣಪತಿ ಹಬ್ಬ, ಜಾತ್ರೆ, ಆರ್ಕೆಸ್ಟ್ರಾ ಅಂತ ಊರೂರು ಸುತ್ತುವ 18 ಇಂಚಿನ ಬೇಸ್ ಸ್ಪೀಕರಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಟೆಂಪೊಗೆ ಹತ್ತಿಸುವಾಗ, ಇಳಿಸುವಾಗ. ಪಕ್ಕದ ಸ್ಟ್ಯಾಂಡಿನ ಕಾಲು ತಾಗಿದರೂ ಕೋನ್, ಅಂದರೆ ಹಿಂದೆ ಮುಂದೆ ಆಡಿ ಸದ್ದು ಮಾಡುವ ಬಟ್ಟಲಿನಂಥ ಭಾಗ, ಹರಿಯುತ್ತದೆ. ಪೆಂಡಾಲಿನ ಮುಂದೆ ಆಡುವ ಮಕ್ಕಳ ಬೆರಳಂತೂ ಸೀದಾ ಕೋನಿಗೇ ಹೋಗುತ್ತದೆ. ಹಾಗಾಗಿ ಗ್ರಿಲ್ ಬೇಕೇ ಬೇಕು. ಆದರೆ ಲೆಕ್ಕ ತಪ್ಪಿ ಹಾಕಿದ ಗ್ರಿಲ್ ಇನ್ನೂ ಜಾಸ್ತಿ ಹಾನಿ ಮಾಡುತ್ತದೆ. ಗ್ರಿಲ್ಲಿಗೆ ಬಡಿದು ಬಡಿದು ಅಂಚು ಹರಿದ ಸ್ಪೀಕರುಗಳು ಕೋನ್ ಬದಲಿಸುವ ರೀಕೋನಿಂಗ್ ಅಂಗಡಿಗೆ ಬರುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಯಾವ ಗ್ರಿಲ್?

ತಂತಿಯ ದುಂಡನೆ ಗ್ರಿಲ್ ಅಗ್ಗ, ನಾಲ್ಕು ಕ್ಲಾಂಪ್ ಹಾಕಿದರೆ ಕೆಲಸ ಮುಗಿಯಿತು. ಮನೆಯಲ್ಲೇ ಇರುವ ಬಾಕ್ಸಿಗೆ ಅದು ಸಾಕು. ಊರು ಸುತ್ತುವ ಬಾಕ್ಸಿಗೆ ನಾನು ಅದನ್ನು ಹೇಳುವುದಿಲ್ಲ. ತಂತಿಗಳ ನಡುವೆ ಮಗುವಿನ ಬೆರಳು ತೂರುತ್ತದೆ, ಕುರ್ಚಿ ಕಾಲು ಗುದ್ದಿದರೆ ತಂತಿ ಒಳಗೆ ಬಾಗುತ್ತದೆ. ಮುಂಭಾಗ ಪೂರ್ತಿ ಮುಚ್ಚುವ, ತೂತು ಹೊಡೆದ ಸ್ಟೀಲ್ ಶೀಟನ್ನೇ ಹಾಕಿ. ದಪ್ಪ 1.5 ಮಿಲಿಮೀಟರ್ ಇರಲಿ. ಅಲ್ಯೂಮಿನಿಯಂ ಹಗುರ ನಿಜ, ಆದರೆ ಒಂದು ಗುದ್ದಿಗೆ ತಗ್ಗು ಬಿದ್ದರೆ ಮತ್ತೆ ಮೇಲೇಳುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಕಿಟಕಿ ಜಾಲರಿಯನ್ನು ಕತ್ತರಿಸಿ ಮೊಳೆ ಹೊಡೆಯುವವರೂ ಇದ್ದಾರೆ. ದಯವಿಟ್ಟು ಬೇಡ. ಅದು ಸ್ಪೀಕರಿಗಿಂತ ಜೋರಾಗಿ ಕಿರುಗುಟ್ಟುತ್ತದೆ.

ಶೀಟ್ ಕೊಳ್ಳುವಾಗ ತೂತಿನ ಪಾಲು ಎಷ್ಟು ಎಂದು ಲೆಕ್ಕ ಹಾಕಿ. ಆರು ಮೂಲೆಯ ತೂತಾದರೆ, ತೂತಿನ ಅಗಲವನ್ನು ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ದೂರದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 6 ಮಿಲಿಮೀಟರ್ ತೂತು, 7.5 ಮಿಲಿಮೀಟರ್ ದೂರ ಇದ್ದರೆ ಶೇ 64ರಷ್ಟು ಜಾಗ ತೆರೆದಿರುತ್ತದೆ. ಒಳ್ಳೆಯದು. 6 ಮಿಲಿಮೀಟರಿನ ದುಂಡು ತೂತು 8 ಮಿಲಿಮೀಟರ್ ದೂರದಲ್ಲಿ ಓರೆ ಸಾಲಾಗಿ ಇದ್ದರೆ ಸಿಗುವುದು ಶೇ 51 ಮಾತ್ರ. ಇದರಿಂದ ಬೇಸ್ ಕಡಿಮೆಯಾಗುತ್ತದೆ ಎಂದು ಹೆದರಬೇಕಿಲ್ಲ. 50 ಹರ್ಟ್ಸ್ ಸದ್ದಿನ ಒಂದು ಅಲೆಯೇ ಸುಮಾರು 7 ಮೀಟರ್ ಉದ್ದ, ಅದಕ್ಕೆ ಈ ಶೀಟ್ ಲೆಕ್ಕಕ್ಕೇ ಇಲ್ಲ. ತೊಂದರೆ ಬರುವುದು ಪೋರ್ಟಿನ, ಅಂದರೆ ಗಾಳಿ ಓಡಾಡಲು ಬಾಕ್ಸಿಗೆ ಬಿಟ್ಟ ಕಿಂಡಿಯ, ಎದುರು. ಅಲ್ಲಿ ಗಾಳಿ ರಭಸವಾಗಿ ಒಳಗೆ ಹೊರಗೆ ಓಡಾಡುತ್ತದೆ, ತೂತು ಸಾಲದಿದ್ದರೆ ಬುಸ್ ಬುಸ್ ಸದ್ದು ಬರುತ್ತದೆ. ಅಂಗಡಿಯ ಹೆಸರಿರುವ ಫ್ಲೆಕ್ಸನ್ನು ಗ್ರಿಲ್ ಮೇಲೆ ಕಟ್ಟಿದರೂ ಇದೇ ಕಥೆ. ಹೆಸರು ಬೇಕಿದ್ದರೆ ಒಂದು ಮೂಲೆಯಲ್ಲಿ ಚಿಕ್ಕದಾಗಿ ಹಾಕಿಸಿ.

ಎಷ್ಟು ಜಾಗ ಬಿಡಬೇಕು?

ಎಲ್ಲರೂ ಎಡವುವುದು ಇಲ್ಲೇ. ಈ ಭಾಗವನ್ನು ನಿಧಾನವಾಗಿ ಓದಿ.

ಸ್ಪೀಕರಿನ ಡೇಟಾಶೀಟಿನಲ್ಲಿ, ಅಂದರೆ ಕಂಪನಿ ಕೊಡುವ ಅಳತೆಗಳ ಹಾಳೆಯಲ್ಲಿ, ಎಕ್ಸ್‌ಮ್ಯಾಕ್ಸ್ ಎಂಬ ಸಂಖ್ಯೆ ಇರುತ್ತದೆ, 9 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಅದನ್ನು ನೋಡಿ 10 ಮಿಲಿಮೀಟರ್ ಜಾಗ ಬಿಟ್ಟರೆ ಸಾಕು ಅಂದುಕೊಳ್ಳುತ್ತಾರೆ. ಆದರೆ ಎಕ್ಸ್‌ಮ್ಯಾಕ್ಸ್ ಎಂದರೆ ಸದ್ದು ಕೆಡದೆ ಕೋನ್ ಒಂದು ಕಡೆಗೆ ಹೋಗುವ ದೂರ. ಜೋರು ಪೆಟ್ಟಿಗೆ ಕೋನ್ ಅದನ್ನು ದಾಟಿ ಹೋಗುತ್ತದೆ. ನಮಗೆ ಬೇಕಾದದ್ದು ಹಾನಿಯಾಗುವ ಮುನ್ನ ಕೋನ್ ಓಡಾಡಬಹುದಾದ ಒಟ್ಟು ದೂರ. ಅದು ಹಿಂದೆ ಮುಂದೆ ಎರಡೂ ಸೇರಿದ ಲೆಕ್ಕ, ಹಾಗಾಗಿ ಅದರ ಅರ್ಧ ತೆಗೆದುಕೊಳ್ಳಿ. ಒಟ್ಟು 50 ಇದ್ದರೆ ಮುಂದಕ್ಕೆ 25. ಡೇಟಾಶೀಟೇ ಇಲ್ಲದ ಲೋಕಲ್ ಸ್ಪೀಕರ್ ಆದರೆ 18 ಇಂಚಿಗೆ 25, 15 ಇಂಚಿಗೆ 20 ಮಿಲಿಮೀಟರ್ ಹಿಡಿಯಿರಿ. ಕೈಯಲ್ಲಿ ಕೋನ್ ಒತ್ತಿ ಅಳೆಯಲು ಹೋಗಬೇಡಿ, ಓರೆಯಾಗಿ ಒತ್ತಿದರೆ ಕೋನಿನ ಹಿಂದೆ ಮ್ಯಾಗ್ನೆಟ್ಟಿನ ಸಂದಿಯಲ್ಲಿರುವ ತಂತಿಯ ಸುರುಳಿ, ಅಂದರೆ ಕಾಯಿಲ್, ಉಜ್ಜುತ್ತದೆ.

ಈಗ ಒಂದು ನೇರವಾದ ಸ್ಕೇಲನ್ನು ಸ್ಪೀಕರಿನ ಫ್ರೇಮಿನ ಅಂಚಿನ ಮೇಲೆ ಅಡ್ಡ ಇಡಿ. ಕೋನಿನ ಸುತ್ತ ಅಲೆ ಅಲೆಯಾಗಿ ಮಡಿಚಿದ ಅಂಚು ಇರುತ್ತದಲ್ಲ, ಅದಕ್ಕೆ ಸರೌಂಡ್ ಅನ್ನುತ್ತಾರೆ. ಅದರ ಎತ್ತರದ ಮಡಿಕೆ ಸ್ಕೇಲಿಗಿಂತ ಎಷ್ಟು ಕೆಳಗಿದೆ ನೋಡಿ. 3 ಮಿಲಿಮೀಟರ್ ಕೆಳಗಿದೆ ಅನ್ನೋಣ. ಕೋನ್ ಮುಂದೆ ಬರುವ 25ರಲ್ಲಿ ಈ 3 ಕಳೆದರೆ 22. ಗ್ರಿಲ್ ಒಳಗೆ ಬಾಗಬಹುದು ಎಂದು 6 ಸೇರಿಸಿ, 28 ಆಯಿತು. ಅಂದರೆ ಫ್ರೇಮಿನ ಅಂಚಿನಿಂದ ಗ್ರಿಲ್ಲಿನ ಒಳಮೈಗೆ 28 ಮಿಲಿಮೀಟರ್ ಇರಲೇಬೇಕು. ಫ್ರೇಮ್ ತಾನೇ ಪ್ಲೈವುಡ್ಡಿನಿಂದ 12 ಮಿಲಿಮೀಟರ್ ಮೇಲಿದ್ದರೆ, ಪ್ಲೈವುಡ್ಡಿನಿಂದ ಲೆಕ್ಕ 40. ಮಡಿಕೆ ಸ್ಕೇಲಿಗೆ ತಾಗುವಷ್ಟು ಉಬ್ಬಿದ್ದರೆ ಕಳೆಯುವುದು ಏನೂ ಇಲ್ಲ. ಕೋನಿನ ನಡುವಿನ ದುಂಡನೆ ಮುಚ್ಚಳ (ಡಸ್ಟ್ ಕ್ಯಾಪ್) ಸರೌಂಡಿಗಿಂತ ಎತ್ತರ ಇದ್ದರೆ ಅಳತೆ ಅಲ್ಲಿಂದ ಹಿಡಿಯಿರಿ.

ಧೂಳಿಗೆ ಅಂತ ಗ್ರಿಲ್ ಹಿಂದೆ 10 ಮಿಲಿಮೀಟರ್ ಫೋಮ್ ಅಂಟಿಸುವವರು ಈ ಲೆಕ್ಕಕ್ಕೆ ಅದನ್ನೂ ಸೇರಿಸಬೇಕು. ಮರೆತರೆ 28 ಹೋಗಿ 18 ಆಗುತ್ತದೆ. ಫೋಮ್ ಮೆತ್ತಗಿದೆ ಬಿಡಿ ಅನ್ನುವಂತಿಲ್ಲ. ಕೋನ್ ಅದಕ್ಕೆ ಉಜ್ಜಿದರೆ ಸದ್ದೂ ಕೆಡುತ್ತದೆ, ಸರೌಂಡೂ ಸವೆಯುತ್ತದೆ. ಫೋಮ್ ಕೂಡ ಉಸಿರಾಡುವ ದೊಡ್ಡ ರಂಧ್ರದ್ದೇ ಬೇಕು. ಸೋಫಾ ಫೋಮ್ ಬಿಸಿಲಿಗೆ ಪುಡಿಯಾಗಿ ಕೋನ್ ಮೇಲೆ ಉದುರುತ್ತದೆ. ಪೋರ್ಟಿನ ಎದುರು ಯಾವ ಫೋಮೂ ಬೇಡ.

ಬಯಲಿನಲ್ಲಿ ನುಡಿಸುವ ಪೋರ್ಟ್ ಇರುವ ಬಾಕ್ಸಿಗೆ ಇನ್ನೊಂದು ಮಾತು. ಬಾಕ್ಸ್ ಮತ್ತು ಪೋರ್ಟಿನ ಅಳತೆಗೆ ತಕ್ಕಂತೆ ಬಾಕ್ಸ್ ಒಂದು ಹರ್ಟ್ಸಿಗೆ ಟ್ಯೂನ್ ಆಗಿರುತ್ತದೆ, ಅದಕ್ಕಿಂತ ಕೆಳಗಿನ ಸದ್ದಿನಲ್ಲಿ ಒಳಗಿನ ಗಾಳಿ ಕೋನನ್ನು ಹಿಡಿದು ನಿಲ್ಲಿಸುವುದಿಲ್ಲ. ಕೋನ್ ಸುಮ್ನೆ ಎದ್ದು ಎದ್ದು ಕುಣಿಯುತ್ತದೆ. ಬಾಕ್ಸ್ 40 ಹರ್ಟ್ಸಿಗೆ ಟ್ಯೂನ್ ಆಗಿದ್ದರೆ ಕ್ರಾಸೋವರಿನಲ್ಲಿ (ಸದ್ದನ್ನು ಬೇಸ್, ಟ್ರೆಬಲ್ ಎಂದು ವಿಂಗಡಿಸುವ ಸಾಧನ) 35ರ ಸುತ್ತ ಹೈಪಾಸ್ ಹಾಕಿ, ಅದಕ್ಕಿಂತ ಕೆಳಗಿನ ಸದ್ದನ್ನು ಅದು ತಡೆಯುತ್ತದೆ. ಅದಿಲ್ಲದೆ ಎಷ್ಟು ಜಾಗ ಬಿಟ್ಟರೂ ಸಾಲದು.

ತೂತು, ನಟ್, ಸ್ಕ್ರೂ

ಸ್ಪೀಕರನ್ನು ಬಾಕ್ಸಿನಿಂದ ತೆಗೆಯಿರಿ. ಇಟ್ಟುಕೊಂಡೇ ಡ್ರಿಲ್ ಮಾಡಿದರೆ ಕಬ್ಬಿಣದ ಚೂರುಗಳನ್ನು ಮ್ಯಾಗ್ನೆಟ್ ಎಳೆದುಕೊಳ್ಳುತ್ತದೆ. ಕಾಯಿಲಿನ ಸಂದಿಗೆ ಒಂದು ಚೂರು ಹೋದರೂ ಸಾಕು, ಕರಕರ ಶುರು.

ಪ್ಲೈವುಡ್ಡಿಗೆ ಸೀದಾ ಸ್ಕ್ರೂ ತಿರುಗಿಸಬೇಡಿ, ಐದಾರು ಸಲ ಬಿಚ್ಚಿದರೆ ತೂತು ಸಡಿಲ. ಜಿಪ್ಸಮ್ ಸೀಲಿಂಗಿಗೆ ಬಳಸುವ ಕಪ್ಪು ಸ್ಕ್ರೂ ಇನ್ನೂ ಕೆಟ್ಟದ್ದು. ಅದು ಗಡಸು, ನಡುಗಿ ನಡುಗಿ ತಲೆ ಮುರಿಯುತ್ತದೆ. ಎಂ6 ಟಿ-ನಟ್ ತನ್ನಿ, ಅಂದರೆ 6 ಮಿಲಿಮೀಟರ್ ಬೋಲ್ಟಿನ, ಮರಕ್ಕೆ ಕಚ್ಚಿ ಕೂರುವ ಚಪ್ಪಟೆ ತಲೆಯ ನಟ್. 18 ಮಿಲಿಮೀಟರ್ ಪ್ಲೈವುಡ್ಡಿಗೆ 8 ಮಿಲಿಮೀಟರ್ ತೂತು ಹೊಡೆದು, ನಟ್ಟನ್ನು ಹಿಂದಿನಿಂದ ಕೂರಿಸಿ. ಸುತ್ತಿಗೆ ಬೇಡ, ಓರೆಯಾಗುತ್ತದೆ. ಮುಂದಿನಿಂದ ದೊಡ್ಡ ವಾಷರ್ ಹಾಕಿದ ಬೋಲ್ಟ್ ತಿರುಗಿಸುತ್ತಾ ಹೋದರೆ ನಟ್ ತಾನೇ ನೆಟ್ಟಗೆ ಒಳಗೆ ಎಳೆದುಕೊಳ್ಳುತ್ತದೆ. ಅದರ ಚಪ್ಪಟೆ ಭಾಗಕ್ಕೆ ಸ್ವಲ್ಪ ಎಪಾಕ್ಸಿ ಹಚ್ಚಿ. ಬೋಲ್ಟ್ ತಿರುಗುವ ಒಳಗಿನ ಎಳೆಗೆ ತಾಗದಂತೆ ನೋಡಿಕೊಳ್ಳಿ.

ಬೋಲ್ಟುಗಳ ನಡುವೆ 20 ಸೆಂಟಿಮೀಟರಿಗಿಂತ ಹೆಚ್ಚು ಅಂತರ ಬೇಡ. ಎರಡು 18 ಇಂಚಿನ ಸ್ಪೀಕರ್ ಇರುವ ಬಾಕ್ಸಾದರೆ ಎರಡರ ನಡುವೆ ಒಂದು ಅಡ್ಡಪಟ್ಟಿ ಕೊಟ್ಟು ಗ್ರಿಲ್ಲನ್ನು ಅದಕ್ಕೂ ಬಿಗಿಯಿರಿ. ಶೀಟಿನ ನಾಲ್ಕೂ ಅಂಚುಗಳನ್ನು ಬೆಂಡ್ ಮಾಡಿಸಿದರೆ ಬಿಗುವು ಬರುತ್ತದೆ.

ಎಲ್ಲ ಕತ್ತರಿಸಿ, ತೂತು ಹೊಡೆದು, ಚೂಪು ಅಂಚು ಉಜ್ಜಿದ ಮೇಲೆ ಪೌಡರ್ ಕೋಟಿಂಗಿಗೆ ಕೊಡಿ. ಮಂಗಳೂರು, ಕಾರವಾರದ ಕಡೆಯವರು ಜಿಂಕ್ ಲೇಪಿಸಿದ ಶೀಟನ್ನೇ ತೆಗೆದುಕೊಳ್ಳಿ, ಸಮುದ್ರದ ಗಾಳಿಗೆ ಬರಿ ಸ್ಟೀಲ್ ಬೇಗ ತುಕ್ಕು ಹಿಡಿಯುತ್ತದೆ.

ಕೂರಿಸುವುದು, ಪರೀಕ್ಷಿಸುವುದು

ಗ್ರಿಲ್ ಮರಕ್ಕೆ ತಾಗುವ ಕಡೆಯೆಲ್ಲ 3 ಮಿಲಿಮೀಟರಿನ ಮೆತ್ತನೆ ರಬ್ಬರ್ ಟೇಪ್ ಅಂಟಿಸಿ. ಬೋಲ್ಟಿನ ವಾಷರ್ ಕೆಳಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಹಾಕಿದರೆ ಸಾಕು, ದುಡ್ಡು ಕೊಟ್ಟು ತರುವ ಪ್ಲಾಸ್ಟಿಕ್ ವಾಷರಿಗಿಂತ ಅದೇ ಮೇಲು. ಸ್ಪೀಕರನ್ನು ಮತ್ತೆ ಬಾಕ್ಸಿಗೆ ಬಿಗಿಯುವಾಗ ಕೋನ್ ಮೇಲೆ ದಪ್ಪ ರಟ್ಟು ಮುಚ್ಚಿಟ್ಟುಕೊಳ್ಳಿ. ಸ್ಕ್ರೂಡ್ರೈವರ್ ಜಾರಿ ಕೋನ್ ತೂತಾಗುವುದು ಈ ಕೆಲಸದಲ್ಲಿ ದಿನಾ ನಡೆಯುವ ಅನಾಹುತ. ಗ್ರಿಲ್ ಇಡುವ ಮುಂಚೆ ರಟ್ಟು ತೆಗೆಯಿರಿ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಕೈಯಿಂದ ಬಿಗಿಯಿರಿ.

ಆಮೇಲೆ ತೆಂಗಿನ ಪೊರಕೆಯ ಒಂದು ಕಡ್ಡಿ ತೆಗೆದುಕೊಳ್ಳಿ. ಗ್ರಿಲ್ಲಿನ ತೂತಿನೊಳಗಿಂದ ಮೆಲ್ಲಗೆ ಇಳಿಸಿ, ಸರೌಂಡಿಗೆ ತಾಗಿದಾಗ ಗ್ರಿಲ್ಲಿನ ಹೊರಮೈ ಬಳಿ ಕಡ್ಡಿಗೆ ಬೆರಳು ಹಿಡಿದು ಅಳೆಯಿರಿ. ಮೇಲಿನ ಲೆಕ್ಕದಲ್ಲಿ 25ಕ್ಕೆ 6 ಸೇರಿ 31, ಶೀಟಿನ ದಪ್ಪ ಸೇರಿ 32.5 ಬರಬೇಕು. ಈಗ ಇನ್ನೊಬ್ಬರು ಗ್ರಿಲ್ಲಿನ ನಡುವೆ ಅಂಗೈಯಿಂದ ಬಲವಾಗಿ ಒತ್ತಲಿ, ಹಾಗೇ ಮತ್ತೆ ಅಳೆಯಿರಿ. 27ಕ್ಕಿಂತ ಕಡಿಮೆ ಬಂದರೆ ಶೀಟ್ ತೆಳುವಾಯಿತು, ಇಲ್ಲವೇ ಅಡ್ಡಪಟ್ಟಿ ಬೇಕು ಎಂದು ಅರ್ಥ.

ಕೊನೆಗೆ ಫೋನಿನ ಟೋನ್ ಜನರೇಟರ್ ಆ್ಯಪ್‌ನಿಂದ 35 ಹರ್ಟ್ಸಿನಿಂದ 120ರವರೆಗೆ ನಿಧಾನವಾಗಿ ಏರಿಸಿ. ಸದ್ದು ಹದವಾಗಿರಲಿ. ಕಿವಿ ಬಾಕ್ಸಿನ ಪಕ್ಕಕ್ಕಿರಲಿ, ಎದುರಿಗೆ ಬೇಡ. ಎಲ್ಲೋ ಒಂದು ಕಡೆ ಟರ್ರ್ ಅಂದರೆ ಟೋನನ್ನು ಅಲ್ಲೇ ನಿಲ್ಲಿಸಿ, ಗ್ರಿಲ್ಲನ್ನು ಬೇರೆ ಬೇರೆ ಕಡೆ ಬೆರಳಿಂದ ಒತ್ತುತ್ತಾ ಹೋಗಿ. ಸದ್ದು ನಿಂತ ಜಾಗದಲ್ಲಿ ರಬ್ಬರ್ ಸಾಲದು. ಟಪ್ ಟಪ್ ಅಂತ ಬಡಿದ ಸದ್ದು ಬಂದರೆ ಮಾತ್ರ ಆಂಪ್ಲಿಫೈಯರನ್ನು ಕೂಡಲೇ ಆಫ್ ಮಾಡಿ ಮತ್ತೆ ಅಳತೆಗೆ ಹೋಗಿ. ಮೊದಲ ಒಂದೆರಡು ಪ್ರೋಗ್ರಾಂ ಮುಗಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಿ, ರಬ್ಬರ್ ಅಮುಕಿ ಸ್ವಲ್ಪ ಸಡಿಲವಾಗಿರುತ್ತದೆ.