ಪಿಸಿಒಎಸ್ ಇದ್ದು ಮಗುವಿಗಾಗಿ ಪ್ರಯತ್ನಿಸುವಾಗ: ರೊಟ್ಟಿ ಬಿಡಬೇಡಿ, ತಾಟಿನ ಲೆಕ್ಕ ಬದಲಿಸಿ

ರಿಪೋರ್ಟಿನಲ್ಲಿ ಪಿಸಿಒಎಸ್ ಎಂದು ಬಂತೆಂದರೆ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂಬ ಹಾರ್ಮೋನಿನ ತೊಂದರೆ, ಜನರ ಬಾಯಲ್ಲಿ ಅದು ಪಿಸಿಒಡಿ) ಮನೆಯಲ್ಲಿ ಮೊದಲು ನಿಲ್ಲುವುದು ರೊಟ್ಟಿ. ಅದರ ಜಾಗಕ್ಕೆ ಓಟ್ಸ್ ಡಬ್ಬಿ ಬರುತ್ತದೆ, ಗ್ರೀನ್ ಟೀ ಬರುತ್ತದೆ. ಸ್ವಲ್ಪ ದಿನಕ್ಕೆ ನಾಲಿಗೆ ಬೇಸತ್ತು ಎಲ್ಲ ಮೊದಲಿನಂತೆಯೇ ಆಗುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಊಟಕ್ಕೆ ಇಂಥ ಬದಲಿ ಬೇಕಿಲ್ಲ. ಜೋಳದ ರೊಟ್ಟಿ, ಕಾಳುಪಲ್ಯ, ತಪ್ಪಲಪಲ್ಯ, ಹಿಂಡಿ (ಚಟ್ನಿಪುಡಿ), ಮಜ್ಜಿಗೆ ಇರುವ ತಾಟು ಈ ತೊಂದರೆಗೆ ಹೊಂದುವ ತಾಟೇ. ಕೆಡುವುದು ಅಳತೆಯಲ್ಲಿ, ಹೊತ್ತಿನಲ್ಲಿ, ಮತ್ತು ರೊಟ್ಟಿಯ ಹಿಂದೆ ಬರುವ ಅನ್ನದ ಗುಡ್ಡೆ, ಸಕ್ಕರೆ ಚಹಾ, ಚುರುಮುರಿಯಲ್ಲಿ. ಪಿಸಿಒಎಸ್ ಕುರಿತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಯಾವುದೋ ಒಂದು ಡಯಟ್ ಉಳಿದವಕ್ಕಿಂತ ಮೇಲು ಎಂದು ಹೇಳಿಲ್ಲ. ವರ್ಷಗಟ್ಟಲೆ ಉಣ್ಣಲು ಸಾಧ್ಯವಾಗುವ ಸಮತೋಲನದ ಊಟವೇ ಅದರ ಸಲಹೆ.

ಆಗುವುದೇನು ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನ ಲೆಕ್ಕ ಸುಲಭ. ಪಿಸಿಒಎಸ್ ಇರುವ ಬಹಳಷ್ಟು ಹೆಣ್ಣುಮಕ್ಕಳಲ್ಲಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಇದ್ದರೂ ಮೈ ಅದರ ಮಾತು ಸರಿಯಾಗಿ ಕೇಳುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ. ಬೆಳೆಯಲು ಶುರುವಾದ ಅಂಡಕೋಶಗಳು ಅರ್ಧಕ್ಕೇ ನಿಲ್ಲುತ್ತವೆ. ಸ್ಕ್ಯಾನಿನಲ್ಲಿ ಮಣಿಮಣಿಯಾಗಿ ಕಾಣುವುದು ಈ ಅರೆಬೆಳೆದ ಕೋಶಗಳು, ಕತ್ತರಿಸಿ ತೆಗೆಯಬೇಕಾದ ಗಂಟುಗಳಲ್ಲ. ಅಂಡ ಹೊರಬೀಳದಿದ್ದರೆ ಮುಟ್ಟು ಮುಂದೆ ಹೋಗುತ್ತದೆ, ಗರ್ಭ ನಿಲ್ಲುವ ಅವಕಾಶ ಕಡಿಮೆಯಾಗುತ್ತದೆ. ಊಟದಿಂದ ನಾವು ಮುಟ್ಟಬಹುದಾದ ಕೊಂಡಿ ಇನ್ಸುಲಿನ್ ಒಂದೇ. ಅಂಡಕೋಶ ಬೆಳೆದು ಮಾಗಲು ಸುಮಾರು 3 ತಿಂಗಳು ಹಿಡಿಯುವುದರಿಂದ, ಇವತ್ತು ಬದಲಿಸಿದ ಊಟಕ್ಕೆ ಮುಂದಿನ ತಿಂಗಳೇ ಫಲ ಕೇಳಬಾರದು.

ರೊಟ್ಟಿಯ ಲೆಕ್ಕ

ಒಂದು ರೊಟ್ಟಿಗೆ ಎಷ್ಟು ಹಿಟ್ಟು ಹೋಗುತ್ತದೆ ಎಂಬುದು ಮನೆಮನೆಗೆ ಬೇರೆ. 1 ಕಿಲೋ ಹಿಟ್ಟಿಗೆ ನಿಮ್ಮ ಮನೆಯಲ್ಲಿ ಎಷ್ಟು ರೊಟ್ಟಿ ಬೀಳುತ್ತವೆ ಎಂದು ಒಮ್ಮೆ ಎಣಿಸಿ. 20 ಬಿದ್ದರೆ ಒಂದಕ್ಕೆ 50 ಗ್ರಾಂ ಹಿಟ್ಟು, ಅದರಲ್ಲಿ ಹತ್ತಿರಹತ್ತಿರ 35 ಗ್ರಾಂ ಪಿಷ್ಟ (ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗುವ ಭಾಗ, ಇನ್ಸುಲಿನ್ ಏರಿಸುವುದು ಅದೇ). 25 ಬಿದ್ದರೆ ಪಿಷ್ಟ 28 ಗ್ರಾಂ. ಕೂತು ಕೆಲಸ ಮಾಡುವವರಿಗೆ ಮಧ್ಯಾಹ್ನಕ್ಕೆ 2, ರಾತ್ರಿಗೆ 1 ಅಥವಾ 2 ಸಾಕು. ಹೊಲದ ಕೆಲಸವಿದ್ದರೆ ಒಂದು ಹೆಚ್ಚು. ಖಡಕ್ ರೊಟ್ಟಿಗೂ ಇದೇ ಲೆಕ್ಕ. ತೆಳ್ಳಗಿದೆ ಎಂದು ಮುರಿದು ಮುರಿದು ತಿನ್ನುತ್ತ ಕೂತರೆ ಎಷ್ಟು ಹೊಟ್ಟೆಗೆ ಹೋಯಿತು ಎಂಬುದೇ ತಿಳಿಯುವುದಿಲ್ಲ. ಜೋಳ ಒಳ್ಳೆಯದು, ಪುಕ್ಕಟೆಯಲ್ಲ.

ಈ ಕಡೆಯ ಊಟದಲ್ಲಿ ರೊಟ್ಟಿ ಮುಗಿದ ಮೇಲೆ ಅನ್ನ-ಸಾರು, ಕೊನೆಗೆ ಅನ್ನ-ಮಜ್ಜಿಗೆ. ಎರಡು ರೊಟ್ಟಿಯ ಮೇಲೆ ಎರಡು ಸಲ ಅನ್ನ ಬಿದ್ದರೆ ಒಂದೇ ಹೊತ್ತಿಗೆ 120 ಗ್ರಾಂ ಪಿಷ್ಟ ದಾಟುವುದು ದೊಡ್ಡ ಮಾತಲ್ಲ. ಅನ್ನವಿಲ್ಲದೆ ಊಟ ಮುಗಿದಂತೆ ಅನಿಸದವರು ಒಂದು ರೊಟ್ಟಿ ಇಳಿಸಿ, ಒಂದು ಸಣ್ಣ ವಾಟಗಾ (ಬೆಂದ ಅನ್ನ 100 ಗ್ರಾಂ, ಪಿಷ್ಟ 28 ಗ್ರಾಂ) ಮಾತ್ರ ಹಾಕಿಕೊಳ್ಳಲಿ. ಮಜ್ಜಿಗೆಯನ್ನು ಅನ್ನಕ್ಕೆ ಕಲಸುವ ಬದಲು ಲೋಟದಲ್ಲಿ ಕುಡಿಯಲಿ. ನವಣಿ, ಸಾವಿ ಅಕ್ಕಿಯ ಅನ್ನ ಮಾಡಿದರೂ ಅಳತೆ ಇದೇ. ಅವುಗಳಲ್ಲಿ ನಾರು ಹೆಚ್ಚು, ಪಿಷ್ಟ ಕಡಿಮೆಯೇನಲ್ಲ. ಬೆಳ್ಳಗೆ ಪಾಲಿಶ್ ಮಾಡಿದ ಸಾವಿಯಲ್ಲಿ ಆ ನಾರೂ ಹೋಗಿರುತ್ತದೆ.

ತಾಟು ತುಂಬುವ ಕ್ರಮ ಹೀಗಿರಲಿ: ಅರ್ಧ ತಾಟು ಪಲ್ಯ ಮತ್ತು ಪಚಡಿ, ಕಾಲು ಭಾಗ ಕಾಳು ಅಥವಾ ಗಟ್ಟಿ ಬ್ಯಾಳಿ, ಉಳಿದ ಕಾಲಿಗೆ ರೊಟ್ಟಿ. ಉಣ್ಣುವಾಗ ಪಚಡಿ ಮತ್ತು ಕಾಳಿನಿಂದ ಶುರು ಮಾಡಿ. ನಾರು, ಪ್ರೋಟೀನ್ ಮೊದಲು ಹೋದರೆ ಹಿಂದೆ ಬರುವ ಪಿಷ್ಟ ನಿಧಾನವಾಗಿ ಕರಗಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಮೆಂತ್ಯ, ಹಕ್ಕರಕಿ, ಪುಂಡಿ, ರಾಜಗಿರಿ, ಸಬ್ಬಸಿಗಿ ಎಲ್ಲವೂ ಆಗುತ್ತವೆ. ಪುಂಡಿಪಲ್ಯಕ್ಕೆ ಅಕ್ಕಿನುಚ್ಚು ಹಾಕುವುದು ವಾಡಿಕೆ. ಅದರ ಜಾಗಕ್ಕೆ ಜೋಳದ ನುಚ್ಚು, ಅದರ ಜೊತೆಗೆ ಒಂದು ಹಿಡಿ ತೊಗರಿಬ್ಯಾಳಿ ಹಾಕಿ. ಎಣಗಾಯಿಯ ಎಣ್ಣೆ ಕಣ್ಣಳತೆಯಲ್ಲಿ ಬೇಡ. ತಿಂಗಳ ಎಣ್ಣೆ ಒಬ್ಬರಿಗೆ ಅರ್ಧ ಲೀಟರ್ ಸುತ್ತ ನಿಲ್ಲಲಿ.

ಕೊರತೆ ಬೀಳುವುದು ಪ್ರೋಟೀನಿಗೆ

60 ಕಿಲೋ ತೂಕದವರಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಗುರಿ ಇಟ್ಟುಕೊಳ್ಳಿ. ಅವಲಕ್ಕಿ ಒಗ್ಗರಣಿ, ತಿಳಿಸಾರು, ಅನ್ನದಲ್ಲಿ ದಿನ ಕಳೆದರೆ ಅದರ ಅರ್ಧವೂ ಬರುವುದಿಲ್ಲ. ಸಂಜೆ 5ಕ್ಕೆ ಗಿರಮಿಟ್, ಮಿರ್ಚಿಭಜಿಯ ಆಸೆ ಹುಟ್ಟುವುದಕ್ಕೂ ಬಹಳ ಸಲ ಇದೇ ಕಾರಣ.

ಲೆಕ್ಕ ಹೀಗೆ ಕೂಡಿಸಬಹುದು. ನಾಷ್ಟಾಕ್ಕೆ ಥಾಲಿಪೆಟ್ಟು: ಜೋಳದ ಹಿಟ್ಟು 40 ಗ್ರಾಂ, ಕಡ್ಲಿಹಿಟ್ಟು 20 ಗ್ರಾಂ, ಹೆಚ್ಚಿದ ಉಳ್ಳಾಗಡ್ಡಿ, ಎರಡು ಹಿಡಿ ಮೆಂತ್ಯಪಲ್ಯ, ಜೀರಿಗೆ, ಉಪ್ಪು; ಜೊತೆಗೆ ಒಂದು ದೊಡ್ಡ ವಾಟಗಾ ಮೊಸರು. 13 ಗ್ರಾಂ ಮೇಲೆ ಪ್ರೋಟೀನ್ ಬಂತು. ಮಧ್ಯಾಹ್ನ 2 ರೊಟ್ಟಿ, ಒಣಗಿದ್ದಾಗ 40 ಗ್ರಾಂ ತೂಗುವ ಹೆಸರು ಅಥವಾ ಮಡಿಕೆಕಾಳಿನ ಪಲ್ಯ, ಒಂದು ಚಮಚ ಶೇಂಗಾ ಹಿಂಡಿ, ಮಜ್ಜಿಗೆ: 22 ಗ್ರಾಂ ಸುತ್ತ. ಸಂಜೆ ಒಂದು ಹಿಡಿ ಪುಟಾಣಿ (ಹುರಿಗಡಲೆ): 6 ಗ್ರಾಂ. ರಾತ್ರಿ ಒಂದು ರೊಟ್ಟಿಗೆ ಝುಣಕ, ತತ್ತಿ ತಿನ್ನುವವರಿಗೆ 2 ತತ್ತಿ: ಇನ್ನೊಂದು 12ರಿಂದ 16 ಗ್ರಾಂ. ಇಷ್ಟಕ್ಕೆ ಪೇಟೆಯ ಪ್ರೋಟೀನ್ ಪೌಡರ್ ಬೇಕಾಗುವುದಿಲ್ಲ.

ಮೊಳಕೆಕಾಳಿನ ಬಗ್ಗೆ ಒಂದು ಎಚ್ಚರಿಕೆ. 8 ತಾಸು ನೆನೆಸಿ, ನೀರು ಪೂರ್ತಿ ಬಸಿದು, ಬಟ್ಟೆಯಲ್ಲಿ ಕಟ್ಟಿ 12ರಿಂದ 24 ತಾಸು ಇಟ್ಟರೆ ಮೊಳಕೆ ಬರುತ್ತದೆ. ಲೋಳೆ ಬಂದು ವಾಸನೆ ಹಿಡಿದರೆ ನೀರು ಉಳಿದಿತ್ತು ಎಂದರ್ಥ. ಮಳೆಗಾಲದಲ್ಲಿ ಇದು ಹೆಚ್ಚು. ಅಂಥದ್ದನ್ನು ತೊಳೆದು ಬಳಸಬೇಡಿ, ಚೆಲ್ಲಿ. ಚೆನ್ನಾಗಿ ಬಂದ ಮೊಳಕೆಯನ್ನೂ ಹಸಿಯಾಗಿ ತಿನ್ನದೆ ಬಿಸಿ ಹಬೆ ಏಳುವಂತೆ ಬೇಯಿಸಿಯೇ ತಿನ್ನಿ. ಆ ಬೆಚ್ಚಗಿನ ತೇವದಲ್ಲಿ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ, ಗರ್ಭ ನಿಂತದ್ದು ಗೊತ್ತಾಗುವ ಮೊದಲೇ ಅವು ಕಾಡಬಾರದು.

ಅಗಸಿ ಹಿಂಡಿಗೆ 200 ಗ್ರಾಂ ಅಗಸಿಯನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವ ತನಕ ಹುರಿದು, 8-10 ಬ್ಯಾಡಗಿ ಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿ. ಇಡೀ ಅಗಸಿ ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತದೆ, ಆದ್ದರಿಂದ ಪುಡಿಯೇ ಆಗಬೇಕು. ಪುಡಿಯಾದದ್ದು ಬೇಗ ಕಮಟು ಹಿಡಿಯುತ್ತದೆ. ಎರಡು ವಾರಕ್ಕೆ ಆಗುವಷ್ಟೇ ಮಾಡಿ, ಡಬ್ಬಿ ಬಿಗಿಯಾಗಿರಲಿ. ದಿನಕ್ಕೆ ಒಂದೆರಡು ಚಮಚ ನಾರಿಗೂ ಒಳ್ಳೆಯ ಕೊಬ್ಬಿಗೂ ಆಯಿತು. ಇಂತಿಷ್ಟು ದಿನ ಈ ಬೀಜ, ಇಂತಿಷ್ಟು ದಿನ ಆ ಬೀಜ ತಿಂದರೆ ಮುಟ್ಟು ಸರಿಹೋಗುತ್ತದೆ ಎನ್ನುವ ಮೊಬೈಲ್ ವಿಡಿಯೊಗಳಿಗೆ ಮಾತ್ರ ಗಟ್ಟಿ ಆಧಾರವಿಲ್ಲ. ಹಾಲು ಬಿಡಿ, ಗೋಧಿ ಬಿಡಿ ಎನ್ನುವುದಕ್ಕೂ ಅಷ್ಟೇ.

ಚಹಾ, ಉಪವಾಸ, ಕಡೆಯ ಪಂಕ್ತಿ

ದಿನಕ್ಕೆ 5 ಸಣ್ಣ ಕಪ್ ಚಹಾ, ಒಂದೊಂದಕ್ಕೆ 2 ಚಮಚ ಸಕ್ಕರೆ ಎಂದರೆ 50 ಗ್ರಾಂ ಸಕ್ಕರೆ, 200 ಕ್ಯಾಲರಿ. ಬೆಲ್ಲ ಹಾಕಿದರೆ ಆರೋಗ್ಯ ಎನ್ನುವುದು ಮನಸ್ಸಿನ ಸಮಾಧಾನ. ರಕ್ತಕ್ಕೆ ಅದೂ ಸಕ್ಕರೆಯೇ. ಕಪ್ 2ಕ್ಕೆ ಇಳಿಸಿ, ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಕಡಿಮೆ ಮಾಡಿ. ಊಟದ ಬೆನ್ನಿಗೇ ಕುಡಿಯುವ ಚಹಾ ಕಬ್ಬಿಣಾಂಶ ಹೀರದಂತೆ ತಡೆಯುತ್ತದೆ, ಒಂದು ತಾಸು ಬಿಟ್ಟು ಕುಡಿಯಿರಿ. ತಪ್ಪಲಪಲ್ಯದ ಮೇಲೆ ನಿಂಬೆ ಹಿಂಡಿದರೆ ಅದೇ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಪೇಡೆ ಊರಿಗೆ ಊರೇ ಕೊಟ್ಟು ತೆಗೆದುಕೊಳ್ಳುವ ವಸ್ತು, ಪೂರ್ತಿ ಬಿಡಿ ಎಂದರೆ ನಡೆಯುವ ಮಾತಲ್ಲ. ಬರಿಹೊಟ್ಟೆಯಲ್ಲಿ ಬೇಡ, ಊಟದ ಕೊನೆಗೆ ಒಂದು ಸಾಕು.

ಸೋಮವಾರ, ಏಕಾದಶಿ, ಶ್ರಾವಣದ ಉಪವಾಸಗಳಲ್ಲಿ ಸಾಬೂದಾನಿ ಖಿಚಡಿ ಏರುತ್ತದೆ. ಸಾಬೂದಾನಿ ಎಂದರೆ ಬರೀ ಪಿಷ್ಟ. ಮೊಸರು, ಹುರಿದ ಶೇಂಗಾ, ಪೇರಲ ಹಣ್ಣಿನಲ್ಲಿ ಉಪವಾಸ ಮುಗಿಯುತ್ತದೆ. ಮಾತ್ರೆ ತೆಗೆದುಕೊಳ್ಳುವವರು ದಿನವಿಡೀ ನೀರಿನ ಮೇಲೆ ಇರುವ ಮೊದಲು ವೈದ್ಯರನ್ನು ಕೇಳಲೇಬೇಕು.

ಕೂಡುಕುಟುಂಬದಲ್ಲಿ ಡಯಟ್ ಕೆಡುವ ದೊಡ್ಡ ಕಾರಣ ಪುಸ್ತಕಗಳಲ್ಲಿ ಇರುವುದಿಲ್ಲ. ಎಲ್ಲರಿಗೂ ಬಡಿಸಿ ಸೊಸೆ ಕೂರುವ ಹೊತ್ತಿಗೆ ಕಾಳುಪಲ್ಯ ತಳ ಕಂಡಿರುತ್ತದೆ, ಉಳಿದಿರುವುದು ಅನ್ನ, ಸಾರು. ರಾತ್ರಿ 10 ಆಗಿರುತ್ತದೆ. ಬೇರೆ ಅಡಿಗೆ ಮಾಡುವ ಗೋಜು ಬೇಡ. ಒಲೆಯಿಂದ ಇಳಿಸಿದ ಕೂಡಲೇ ಒಂದು ವಾಟಗಾ ಕಾಳು, ಒಂದು ವಾಟಗಾ ಪಲ್ಯ ಮುಚ್ಚಿ ತೆಗೆದಿಡಿ, 8ರ ಒಳಗೆ ಉಣ್ಣಿ. ಅತ್ತೆಯವರಿಗೆ ಈ ಮಾತು ಗಂಡನೇ ಹೇಳಿದರೆ ಮನೆಯಲ್ಲಿ ಅರ್ಧ ಜಗಳ ತಪ್ಪುತ್ತದೆ.

ತೂಕ, ನಡಿಗೆ

ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಂಕೆ) 23 ದಾಟಿದರೆ ಹೆಚ್ಚು ತೂಕ. ಅಂಥವರಿಗೆ ಈಗಿನ ತೂಕದ 5ರಿಂದ 10 ಶೇಕಡಾ ಇಳಿದರೂ ಅಂಡ ಬಿಡುಗಡೆ ಮತ್ತೆ ಶುರುವಾಗುವುದುಂಟು: 70 ಕಿಲೋಗೆ ಮೂರೂವರೆಯಿಂದ 7 ಕಿಲೋ. ವಾರಕ್ಕೆ ಅರ್ಧ ಕಿಲೋಗಿಂತ ವೇಗ ಬೇಡ. ಉಪವಾಸ ಬಿದ್ದು ಇಳಿಸಿದರೆ ಮೈಯೇ ಮುಟ್ಟನ್ನು ನಿಲ್ಲಿಸಿಬಿಡುತ್ತದೆ. ತೆಳ್ಳಗಿದ್ದೂ ಪಿಸಿಒಎಸ್ ಇರುವವರು ತೂಕ ಇಳಿಸಲೇಬಾರದು, ಅವರ ಪಾಲಿಗೆ ಪಿಷ್ಟವನ್ನು ಹೊತ್ತುಹೊತ್ತಿಗೆ ಹಂಚುವುದು, ಪ್ರೋಟೀನ್, ವ್ಯಾಯಾಮ ಇಷ್ಟೇ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ, 2 ದಿನ ಸ್ನಾಯು ಗಟ್ಟಿಯಾಗುವ ಕಸರತ್ತು. ಉಣಕಲ್ ಕೆರೆ, ಗದಗಿನ ಭೀಷ್ಮ ಕೆರೆ, ಹಾವೇರಿಯ ಹೆಗ್ಗೇರಿ ಇದ್ದೇ ಇವೆ. ಹೋಗಲಾಗದಿದ್ದರೆ ರಾತ್ರಿ ಊಟದ ನಂತರ ಮಾಳಿಗೆಯ ಮೇಲೆ 15 ನಿಮಿಷ.

ಊಟದಿಂದ ಆಗದ ಕೆಲಸ

ಪ್ರಯತ್ನ ಶುರು ಮಾಡುವ ಕನಿಷ್ಠ ಒಂದು ತಿಂಗಳ ಮೊದಲಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಬೇಕು, ಗರ್ಭ ನಿಂತ ಮೇಲೆ 12 ವಾರದವರೆಗೂ. ಸಕ್ಕರೆ ಕಾಯಿಲೆ, ಫಿಟ್ಸ್ ಮಾತ್ರೆ, ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷ ಇದ್ದವರಿಗೆ ಪ್ರಮಾಣ ಬೇರೆ, ವೈದ್ಯರೇ ಬರೆಯಬೇಕು. 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ, ಥೈರಾಯ್ಡ್, ಹಿಮೋಗ್ಲೋಬಿನ್, ಬಿಪಿ ಆಗಲಿ. ಹುಬ್ಬಳ್ಳಿ, ಗದಗಿನ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಂಥ (ಜನರ ಬಾಯಲ್ಲಿ ಕಿಮ್ಸ್, ಜಿಮ್ಸ್) ಕಡೆಯ ಸ್ತ್ರೀರೋಗ ವಿಭಾಗಕ್ಕೆ ಗಂಡ-ಹೆಂಡತಿ ಇಬ್ಬರೂ ಹೋಗಬೇಕು, ಯಾಕೆಂದರೆ ವೀರ್ಯ ಪರೀಕ್ಷೆ ಮೊದಲ ಸುತ್ತಿನಲ್ಲೇ ಆಗಬೇಕಾದದ್ದು. ಹೆಂಡತಿಗೆ ಡಯಟ್ ಹೇಳಿ ತಾನು ಗುಟ್ಕಾ ಜಗಿಯುವುದು ನಡೆಯುವುದಿಲ್ಲ. ಒಳಗೇನಿದೆ ಎಂದು ಬರೆಯದ ‘ಪಿಸಿಒಡಿ ಪುಡಿ’ಗಳಿಂದ ದೂರವಿರಿ.

ಮೆಟ್‌ಫಾರ್ಮಿನ್ (ಮೈ ಇನ್ಸುಲಿನ್ ಮಾತು ಕೇಳುವಂತೆ ಮಾಡುವ ಮಾತ್ರೆ) ಬರೆದಿದ್ದರೆ ಊಟದ ಜೊತೆ ನುಂಗಿ, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯಬಹುದು, ಸಸ್ಯಾಹಾರಿಗಳು ಪರೀಕ್ಷಿಸಿಕೊಳ್ಳಲಿ. ಮೊಡವೆಗೋ ಕೂದಲಿಗೋ ಸ್ಪೈರನೊಲ್ಯಾಕ್ಟೋನ್, ತೂಕಕ್ಕೆ ಸೆಮಾಗ್ಲುಟೈಡ್ ತೆಗೆದುಕೊಳ್ಳುತ್ತಿದ್ದರೆ ಪ್ರಯತ್ನ ಶುರು ಮಾಡುವ ಮೊದಲೇ ವೈದ್ಯರಿಗೆ ತಿಳಿಸಿ. ಸೆಮಾಗ್ಲುಟೈಡ್ ಅನ್ನು 2 ತಿಂಗಳ ಮೊದಲೇ ನಿಲ್ಲಿಸಬೇಕಾಗುತ್ತದೆ.

ಅಂಡ ಬಿಡುಗಡೆ ತೋರಿಸುವ ಎಲ್‌ಎಚ್ ಕಿಟ್ ಪಿಸಿಒಎಸ್ ಇರುವವರಲ್ಲಿ ಮೋಸ ಮಾಡಬಹುದು. ಎಲ್‌ಎಚ್ ಎಂದರೆ ಅಂಡ ಹೊರಬೀಳುವ ಮುಂಚೆ ಏರುವ ಹಾರ್ಮೋನು, ಅವರಲ್ಲಿ ಅದು ಸದಾ ಏರಿರುವುದುಂಟು. ಗೆರೆ ನೋಡುತ್ತ ಕೂರುವ ಬದಲು 2-3 ದಿನಕ್ಕೊಮ್ಮೆ ಸೇರುವುದು ಸರಳ. ಅಂಡ ಹೊರಬಿತ್ತೇ ಎಂದು ನೋಡುವ ‘21ನೇ ದಿನದ’ ಪ್ರೊಜೆಸ್ಟೆರಾನ್ ಪರೀಕ್ಷೆ 28 ದಿನಕ್ಕೆ ಮುಟ್ಟಾಗುವವರ ಲೆಕ್ಕ. 40 ದಿನಕ್ಕೆ ಆಗುವವರಿಗೆ ಅದು 33ನೇ ದಿನದ ಸುತ್ತ ಬರುತ್ತದೆ. ಮುಟ್ಟಿನ ಮೊದಲ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಂತರ 35 ದಿನ ದಾಟುತ್ತಲೇ ಇದ್ದರೆ ಒಂದು ವರ್ಷ ಪ್ರಯತ್ನಿಸಿ ಆಮೇಲೆ ವೈದ್ಯರನ್ನು ಕಾಣುವ ನಿಯಮ ನಿಮಗಲ್ಲ, ಮೊದಲೇ ಹೋಗಿ. ಅಂಡ ಬಿಡುಗಡೆಗೆ ಲೆಟ್ರೊಜೋಲ್ ಮಾತ್ರೆ ಇದೆ, ಊಟ ಅದರ ಜೊತೆ ನಡೆಯುವಂಥದ್ದು. ಊಟ ಬದಲಿಸಿದ ಮೇಲೆ ಮುಟ್ಟು ತಡವಾದರೆ ‘ನನ್ನದು ಯಾವಾಗಲೂ ಹೀಗೇ’ ಎಂದು ಬಿಡದೆ ಮೊದಲು ಗರ್ಭ ಪರೀಕ್ಷೆ ಮಾಡಿ. ಎರಡು ಗೆರೆ ಬಂದರೆ ಮೆಟ್‌ಫಾರ್ಮಿನ್ ಅನ್ನು ನೀವಾಗಿ ನಿಲ್ಲಿಸಬೇಡಿ, ಆ ವಾರವೇ ವೈದ್ಯರನ್ನು ಕಾಣಿ. ಗೆರೆ ಬರದೆ 90 ದಿನ ಮುಟ್ಟಿಲ್ಲದೆ ಕಳೆದರೂ ಕಾಣಲೇಬೇಕು, ಗರ್ಭಕೋಶದ ಒಳಪದರ ದಪ್ಪಗಾಗುತ್ತ ಹೋಗುತ್ತದೆ.