ಅಡಿಕೆ ಸುಗ್ಗಿಯಲ್ಲಿ ಹೊಟ್ಟೆ ಮತ್ತು ಬೆನ್ನಿನ ಆರೈಕೆ

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಆರಂಭವಾಯಿತೆಂದರೆ, ಮೆಟ್ಟುಗತ್ತಿಯ ಮುಂದೆ ತಡರಾತ್ರಿಯವರೆಗೆ ಕುಳಿತು ಸುಲಿಯುವವರನ್ನು ಬೆನ್ನುನೋವು, ಮಲಬದ್ಧತೆ ಮತ್ತು ಹೊಟ್ಟೆಯುಬ್ಬರ ಒಟ್ಟಿಗೇ ಕಾಡತೊಡಗುತ್ತವೆ. ಎದ್ದು ಓಡಾಡದಿರುವುದು ಹೊಟ್ಟೆ, ಬೆನ್ನು ಎರಡರ ತೊಂದರೆಗೂ ಒಂದು ಕಾರಣವಾಗಿರಬಹುದು. ಆದರೆ ಎರಡರ ಚಿಕಿತ್ಸೆ ಒಂದೇ ಅಲ್ಲ.

ಹೊಟ್ಟೆಯ ಆರೈಕೆಯನ್ನು ಅಡುಗೆಮನೆಯಿಂದಲೇ ಆರಂಭಿಸಬೇಕು. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರಿನಂಶ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬರೀ ಬಿಳಿ ಅನ್ನ, ತಿಳಿಸಾರಿನಿಂದ ಅದು ದೊರೆಯದು. ಹುರುಳಿ, ಹೆಸರುಕಾಳು, ಬಾಳೆದಿಂಡು, ಬಸಳೆ, ಹರಿವೆಗಳನ್ನು ದಿನದ ಊಟಕ್ಕೆ ಸೇರಿಸಿಕೊಳ್ಳಿ. ಒಮ್ಮೆಲೇ ಹೆಚ್ಚಿಸಿದರೆ ವಾಯು ತುಂಬಿಕೊಳ್ಳುವುದರಿಂದ ಎರಡು ಮೂರು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಿ, ಜೊತೆಗೆ ನೀರನ್ನೂ ಹೆಚ್ಚು ಕುಡಿಯಿರಿ. ದೊಡ್ಡಪತ್ರೆಯ ಎಲೆಗಳನ್ನು ಜೀರಿಗೆಯೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಡನೆ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆಯಲ್ಲಿ ಕಲಸಿದ ತಂಬುಳಿಯು ದಣಿದ ಹೊಟ್ಟೆಗೆ ಹಗುರವಾದ ಊಟ. ಆದರೆ ಅದನ್ನು ಕಾಯಿಲೆಯ ಔಷಧವೆಂದು ಭಾವಿಸಬೇಡಿ. ಎದೆಯುರಿ ಇರುವವರು ಖಾರ ಕಡಿಮೆ ಮಾಡಿ, ಊಟವಾದ ಎರಡು ಮೂರು ಗಂಟೆಗಳ ನಂತರವೇ ಮಲಗುವುದು ಒಳಿತು. ಕಮೋಡ್ ಬಳಸುವವರು ಪಾದಗಳ ಕೆಳಗೆ ಗಿಡ್ಡ ಮಣೆಯಿಟ್ಟುಕೊಂಡರೆ ಮಲವಿಸರ್ಜನೆ ಸುಲಭವಾಗುತ್ತದೆ.

ಬೆನ್ನಿನ ವಿಷಯ ಬೇರೆ. ಕೈಗಳಿಂದ ಬೆನ್ನೆಲುಬಿನ ಕೀಲುಗಳಿಗೆ ಒತ್ತಡ ಕೊಡುವ ಕೈರೋಪ್ರಾಕ್ಟಿಕ್ ಪದ್ಧತಿಯನ್ನು ಅಮೆರಿಕದಲ್ಲಿ 1895ರಲ್ಲಿ ಡಿ. ಡಿ. ಪಾಮರ್ ಆರಂಭಿಸಿದರು. ಸೊಂಟನೋವಿನಲ್ಲಿ ಇದರಿಂದ ಅಲ್ಪ ಪ್ರಮಾಣದ ಉಪಶಮನ ದೊರೆಯುವುದುಂಟು. ಜೀರ್ಣಶಕ್ತಿಯನ್ನು ಸರಿಪಡಿಸುತ್ತದೆ ಎಂಬುದಕ್ಕೆ ಮಾತ್ರ ವಿಶ್ವಾಸಾರ್ಹ ಆಧಾರವಿಲ್ಲ. ಆದ್ದರಿಂದ ಗ್ಯಾಸ್ಟ್ರಿಕ್ ಗುಣಪಡಿಸುತ್ತೇವೆಂದು ಬೆನ್ನೆಲುಬು ಒತ್ತುವವರಿಗೆ ಹಣ ಕೊಡಬೇಡಿ.

ಊರಿನ ಸಂಘ ಅಥವಾ ಸೊಸೈಟಿಯವರು ಬೆನ್ನಿನ ಆರೈಕೆಯ ಶಿಬಿರ ನಡೆಸುವುದಾದರೆ, ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಎಲ್ಲರನ್ನೂ ಪರೀಕ್ಷಿಸುವಂತೆ ಏರ್ಪಾಡು ಮಾಡಬೇಕು. ಬರುವ ಚಿಕಿತ್ಸಕರು ಎಲ್ಲಿ, ಎಷ್ಟು ವರ್ಷ ಕಲಿತರೆಂಬುದನ್ನು ಸಂಕೋಚವಿಲ್ಲದೆ ಕೇಳಿರಿ. ಮೂಳೆ ಸವೆತವಿರುವ ಹಿರಿಯರನ್ನೂ ರಕ್ತ ತೆಳುಗೊಳಿಸುವ ಮಾತ್ರೆ ನುಂಗುವವರನ್ನೂ ಒತ್ತಿಸಿಕೊಳ್ಳಲು ಬಿಡಬಾರದು. ಕತ್ತನ್ನು ರಭಸವಾಗಿ ತಿರುಗಿಸುವುದರಿಂದ ಅಪರೂಪಕ್ಕೆ ರಕ್ತನಾಳ ಹರಿದು ಪಾರ್ಶ್ವವಾಯು ಆಗಬಹುದಾದ್ದರಿಂದ ಅದನ್ನು ಯಾರಿಗೂ ಮಾಡಿಸದಿರುವುದೇ ಲೇಸೆಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬ ಫಿಸಿಯೋಥೆರಪಿಸ್ಟ್ ಬಂದು ಸುಲಿಯುವವರಿಗೆ ನಾಲ್ಕು ಸರಳ ವ್ಯಾಯಾಮ ಕಲಿಸಿ, ಅರ್ಧ ಗಂಟೆಗೊಮ್ಮೆ ಎದ್ದು ನಡೆಯುವ ರೂಢಿ ಮಾಡಿಸಿದರೆ ಅದರ ಪ್ರಯೋಜನ ಸುಗ್ಗಿಯುದ್ದಕ್ಕೂ ಉಳಿಯುತ್ತದೆ.

ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮನೆಮದ್ದು ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಬೆನ್ನುನೋವಿನೊಡನೆ ತೊಡೆಯ ಸಂದು ಮರಗಟ್ಟಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಬೆಳಗಾಗುವವರೆಗೂ ಕಾಯದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಅಂದೇ ಕರೆದೊಯ್ಯಬೇಕು.